ಹಳೇ ಬಾಗಲಕೋಟೆಯ ಅಂಗಡಿಗಳು ನವನಗರಕ್ಕೆ ಹೋದದ್ದು
ಹಳೇ ಊರಿನಲ್ಲಿ ಬಾಡಿಗೆ ಕಡಿಮೆ ಇದ್ದರೂ ವ್ಯಾಪಾರಸ್ಥರು ನವನಗರಕ್ಕೆ, ಅಂದರೆ ಮುಳುಗಡೆಯಾದವರಿಗಾಗಿ ಕಟ್ಟಿದ ಹೊಸ ಊರಿಗೆ, ಯಾಕೆ ಹೋದರು, ನಾನು ಜವಳಿ ಅಂಗಡಿ ಎಲ್ಲಿ ಹಾಕಲಿ ಅಂತ ಕೇಳಿದ್ದೀರಿ.

ಮೊದಲ ಕಾರಣ ನೀರು ಸರ್. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಘಟಪ್ರಭಾ ನದಿ ಹಿಡಿದು ಊರಿಗೇ ಬಂತು. ತಗ್ಗಿನ ಓಣಿಗಳವರಿಗೆ ಬೇರೆ ದಾರಿ ಇರಲಿಲ್ಲ. ಆದರೆ ಮುಳುಗದ ಓಣಿಯವರೂ ಎದ್ದರಲ್ಲ, ಅದು ಗಿರಾಕಿಯ ಹಿಂದೆ. 1997ರಲ್ಲಿ ಜಿಲ್ಲೆಯಾಯಿತು, ಜಿಲ್ಲಾಡಳಿತ ಭವನ ನವನಗರದಲ್ಲಿ. ಕಚೇರಿ ಕೆಲಸಕ್ಕೆ ಹಳ್ಳಿಯಿಂದ ಬಂದವನು ಅಲ್ಲೇ ಚಹಾ ಕುಡಿದು, ಮಕ್ಕಳಿಗೆ ಅಂಗಿಯನ್ನೂ ಅಲ್ಲೇ ಕೊಳ್ಳುತ್ತಾನೆ. ನಮ್ಮ ಕಾಕಾ ಆರು ತಿಂಗಳು ಎರಡೂ ಕಡೆ ಬಾಗಿಲು ತೆಗೆದು ನೋಡಿದರು. ಕೊನೆಗೆ ಹಳೆಯದನ್ನು ಮುಚ್ಚಿದರು. ಕಾಕು ಮಾತ್ರ ಇವತ್ತಿಗೂ ಬೈಯುತ್ತಾರೆ!

ಇನ್ನೊಂದಿದೆ. ಅಣೆಕಟ್ಟಿನ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256ಕ್ಕೆ ಏರಿಸುವ ಮಾತು ವರ್ಷಗಟ್ಟಲೆ ನಡೆದಿದೆ. ಮುಂದೆ ಮುಳುಗಬಹುದಾದ ಜಾಗಕ್ಕೆ ಯಾರು ದುಡ್ಡು ಸುರಿಯುತ್ತಾರೆ? ಬಾಡಿಗೆ ಸುಮ್ನೆ ಇಳಿದಿಲ್ಲ.

ಮದುವೆ ಜವಳಿಯಾದರೆ ಹಳೇ ಪೇಟೆಯೇ ವಾಸಿ ಅನ್ನುತ್ತೇನೆ, ಹೆಂಗಸರು ಹತ್ತು ಅಂಗಡಿ ಸುತ್ತಿ ನೋಡುವ ವ್ಯಾಪಾರ ಅದು. ರೆಡಿಮೇಡ್ ಆದರೆ ನವನಗರ. ಮುಂಗಡ ಕೊಡುವ ಮೊದಲು ಆ ಮಳಿಗೆ ಮುಳುಗಡೆ ಪಟ್ಟಿಯಲ್ಲಿದೆಯಾ ವಿಚಾರಿಸಿ.