ಹೊಲಿಗೆ ಪ್ರಶ್ನೋತ್ತರ: ಗೋಡೆಗೊಂದು ಹೂವಿನ ಕೌದಿ

ಪ್ರಶ್ನೆ: ಎರಡಡಿ ಅಗಲ, ಮೂರಡಿ ಉದ್ದದ ಗೋಡೆ ಕೌದಿಯ ಮೇಲೆ ನಮ್ಮ ಹೊಲದ ಹತ್ತಿ ಹೂವನ್ನು ಅಪ್ಲಿಕ್ (ಬಟ್ಟೆಯ ತುಂಡುಗಳನ್ನು ಮೇಲಿಟ್ಟು ಹೊಲಿಯುವ ಚಿತ್ತಾರ) ಮಾಡಬೇಕೆಂದಿದ್ದೇನೆ. ವಿನ್ಯಾಸ ಹೇಗಿರಲಿ?
— ಓದುಗರು, ರಾಯಚೂರು

ಉತ್ತರ: ಅಪ್ಲಿಕ್‌ಗೆ ಹೇಳಿ ಮಾಡಿಸಿದ ಹೂವು ಅದು. ಐದೇ ದಳ, ಅರಳಿದ ದಿನ ಕೆನೆ ಬಣ್ಣ, ಮರುದಿನ ಗುಲಾಬಿ. ಒಂದೇ ಗಿಡದಲ್ಲಿ ಎರಡೂ ಬಣ್ಣ ಸಿಗುವಾಗ ಬೇರೆ ಹೂವು ಬೇಕಿಲ್ಲ. 7 ಇಂಚಿನದೊಂದು, 5 ಇಂಚಿನವೆರಡು ಸಾಕು. ದೊಡ್ಡದನ್ನು ನಟ್ಟನಡುವೆ ಇಡದೆ ಸ್ವಲ್ಪ ಕೆಳಗೆ, ಎಡಕ್ಕೆ ಸರಿಸಿ.

ಚಿತ್ರವನ್ನು ಕಾಗದದ ಮೇಲೆ ಪೂರ್ಣ ಅಳತೆಯಲ್ಲಿ ಬರೆದು, ಹೊಲಿಯುವ ಕ್ರಮದಲ್ಲೇ ತುಂಡುಗಳಿಗೆ ಸಂಖ್ಯೆ ಕೊಡಿ: ಕಾಂಡ, ಎಲೆ, ಹೂವಿನ ಬುಡದ ಹಸಿರು ಎಸಳು, ದಳ, ಕೊನೆಗೆ ನಡುವಿನ ಕೇಸರ. ಹತ್ತಿ ಹೂವಿನ ಪ್ರತಿ ದಳವೂ ಪಕ್ಕದ ದಳದ ಮೇಲೆ ಸುತ್ತಿಕೊಂಡಿರುತ್ತದೆ. ಹಾಗಾಗಿ ಮೊದಲ ದಳದ ಒಂದು ಬದಿಯನ್ನು ಹೊಲಿಯದೆ ಬಿಡಿ. ಐದನೆಯದನ್ನು ಅದರಡಿ ತೂರಿಸಿದ ಮೇಲೆ ಮುಚ್ಚಿ.

ಹಿನ್ನೆಲೆಗೆ ಎರೆಮಣ್ಣಿನ ಕಪ್ಪು ಚೆನ್ನ. ಆದರೆ ಕೆನೆ ದಳದೊಳಗಿಂದ ಅದು ಇಣುಕುತ್ತದೆ, ದಳಕ್ಕೆ ತೆಳು ಬಿಳಿ ಮಲ್ ಬಟ್ಟೆಯ ಅಸ್ತರ ಕೊಡಿ. ಹೊಲಿಗೆ ಬಟ್ಟೆಯನ್ನು ಒಳಕ್ಕೆ ಎಳೆಯುವುದರಿಂದ ಹಿನ್ನೆಲೆಯನ್ನು 28×40 ಇಂಚಿಗೆ ಕತ್ತರಿಸಿ, ಕೊನೆಯಲ್ಲಿ 24×36ಕ್ಕೆ ತನ್ನಿ. ಹೊಲಿಯುವ ಮೊದಲು ತುಂಡುಗಳನ್ನು ಜೋಡಿಸಿ ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆಯಿರಿ. ಎಲೆ ಹಿನ್ನೆಲೆಯಲ್ಲಿ ಕಳೆದುಹೋದರೆ ಹಸಿರು ಬದಲಿಸಬೇಕು.

ಪ್ರಶ್ನೆ: ದಳದ ಅಂಚು ಮಡಚಿದರೆ ದುಂಡಗೆ ಬರದೆ ಮೂಲೆಮೂಲೆ ಕಾಣುತ್ತದೆ.
— ಓದುಗರು, ಗಂಗಾವತಿ

ಉತ್ತರ: ಹೊರಬಾಗಿಗೆ ಕತ್ತರಿ ಹಾಕಿದ್ದೀರಿ ಅನ್ನಿಸುತ್ತದೆ, ಕತ್ತರಿಸಿದಲ್ಲೆಲ್ಲ ಒಂದು ಮೂಲೆ ಏಳುತ್ತದೆ. ಅಂಚಿಗೆ 5 ಮಿಲಿಮೀಟರ್ ಮಾತ್ರ ಬಿಟ್ಟು, ಅದರೊಳಗೆ ಸಣ್ಣ ದಾರ ಓಡಿಸಿ, ದಪ್ಪ ಕಾಗದದ ಅಚ್ಚಿನ ಮೇಲೆ ಎಳೆದು ನೆರಿಗೆ ಕೂಡಿಸಿ. ಗಂಜಿ ಸವರಿ ಇಸ್ತ್ರಿ ಮಾಡಿ ಅಚ್ಚು ತೆಗೆಯಿರಿ. ಕತ್ತರಿ ಬೇಕಾಗುವುದು ಒಳಬಾಗಿಗೆ ಮಾತ್ರ, ಅದೂ ಮಡಚುವ ಗೆರೆಗೆ 1 ಮಿಲಿಮೀಟರ್ ಉಳಿಯುವಂತೆ. ಅಲ್ಲಿ ಹೊಲಿಗೆ ಒತ್ತಾಗಿರಲಿ. ದಾರ ದಳದ ಬಣ್ಣದ್ದಿರಬೇಕು, ಹಿನ್ನೆಲೆಯದ್ದಲ್ಲ. ಬಳುಕುವ ಕಾಂಡಕ್ಕೆ ಕ್ರಾಸ್ ಪಟ್ಟಿಯೇ, ಅಂದರೆ ಬಟ್ಟೆಯನ್ನು ಓರೆಯಾಗಿ ಕತ್ತರಿಸಿದ ಪಟ್ಟಿಯೇ ಆಗಬೇಕು.

ಪ್ರಶ್ನೆ: ಜೀನ್ಸ್ ಕಾರ್ಖಾನೆಯ ತುಂಡುಗಳು ಧಾರಾಳ ಸಿಗುತ್ತವೆ. ಹೂವಿಗೆ ಬಳಸಬಹುದೇ?
— ಓದುಗರು, ಬಳ್ಳಾರಿ

ಉತ್ತರ: ಅಂಚು ಮಡಚಲಾಗದಷ್ಟು ದಪ್ಪ ಅದು. ಕತ್ತರಿಸಿದ ಅಂಚಿನ ಮೇಲೆಯೇ ಮಶೀನಿನ ಜಿಗ್‌ಜಾಗ್ ಹಾಕಿ. ಸೂಜಿ 16ನೇ ನಂಬರಿನದು. ಮೊದಲು ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ನೀಲಿ ಹತ್ತಿದರೆ ಹತ್ತುವುದು ನಿಲ್ಲುವವರೆಗೆ ತೊಳೆಯಲೇಬೇಕು.

ಪ್ರಶ್ನೆ: ನೆಲದ ಮೇಲೆ ಚೆನ್ನಾಗಿದ್ದ ಕೌದಿ ಗೋಡೆಗೆ ಹಾಕಿದೊಡನೆ ಅಂಚು ಅಲೆಅಲೆಯಾಗಿ, ನಡುವೆ ಹೊಟ್ಟೆ ಬಿಟ್ಟಿದೆ.
— ಓದುಗರು, ಕೊಪ್ಪಳ

ಉತ್ತರ: ಹಾಸುವ ಕೌದಿಯಲ್ಲಿ ಮುಚ್ಚಿಹೋಗುವ ದೋಷವೆಲ್ಲ ತೂಗುವಾಗ ಬಯಲಾಗುತ್ತದೆ. ಹೂವಿನ ಸುತ್ತ ಒತ್ತಾಗಿ, ಅಂಚಿನ ಕಡೆ ವಿರಳವಾಗಿ ಹೊಲಿದರೆ ನಡುವು ಕುಗ್ಗಿ ಅಂಚು ಉದ್ದ ಉಳಿಯುತ್ತದೆ. ಅದೇ ಅಲೆ. ಅಂಚುಪಟ್ಟಿ ಬಿಚ್ಚಿ. ಬಣ್ಣ ಬಿಡುವುದಿಲ್ಲವೆಂದು ಖಚಿತ ಮಾಡಿಕೊಂಡು ಕೌದಿಯನ್ನು ತೇವ ಮಾಡಿ, ನೆಲದ ಚಾದರದ ಮೇಲೆ ಚೌಕ ಹಿಡಿದು ಪಿನ್ ಚುಚ್ಚಿ ಒಣಗಲು ಬಿಡಿ. ಅಂಚಿಗೂ ಹೂವಿನಷ್ಟೇ ಒತ್ತಾದ ಹೊಲಿಗೆ ಹಾಕಿ. ಆಮೇಲೆ ನಡುಮಧ್ಯದಲ್ಲಿ ಅಡ್ಡ, ಉದ್ದ ಅಳೆದು, ಅದೇ ಅಳತೆಯ ಹೊಸ ಪಟ್ಟಿ ಕಟ್ಟಿ. ಅಂಚನ್ನು ಅಳೆದರೆ ಅಲೆಯನ್ನೇ ಅಳೆದಂತೆ.

ಹೊಟ್ಟೆಗೆ ಕಾರಣ ತೂಗುವ ಕೋಲು ತೂರಿಸಲು ಹಿಂದೆ ಹೊಲಿದ ಚೀಲ. 9 ಇಂಚಿನ ಪಟ್ಟಿಯನ್ನು ಮಡಚಿ ನಾಲ್ಕು ಇಂಚಿನ ಕೊಳವೆ ಮಾಡಿ. ಉದ್ದ ಕೌದಿಯ ಅಗಲಕ್ಕಿಂತ 2 ಇಂಚು ಕಡಿಮೆ ಇರಲಿ. ಕೆಳ ಅಂಚು ಹೊಲಿಯುವಾಗ ಕೊಳವೆಯನ್ನು ಅರ್ಧ ಇಂಚು ಮೇಲೆ ಸರಿಸಿದರೆ ಗೋಡೆ ಕಡೆ ಸಡಿಲು ಸಿಕ್ಕಿ, ಕೋಲಿನ ಉಬ್ಬು ಮುಂದಕ್ಕೆ ಬರುವುದಿಲ್ಲ. ಸೂಜಿ ಅಸ್ತರವನ್ನಷ್ಟೇ ಹಿಡಿಯಬೇಕು. ದುಂಡು ಕೋಲಿಗಿಂತ ಚಪ್ಪಟೆ ಮರದ ಪಟ್ಟಿ ಒಳ್ಳೆಯದು, ಮತ್ತು ಬಿಸಿಲು ನೇರ ಬೀಳದ ಗೋಡೆ. ನಮ್ಮ ಬೇಸಿಗೆಗೆ ಗುಲಾಬಿ ಬೇಗ ಮಾಸುತ್ತದೆ.