ನಲವತ್ತು ಬೇಡ, ನಾಲ್ಕು ಸಾಕು

ನಮಸ್ಕಾರ.

ದೇಶಗಳ ಹೆಸರಿರುವ ಇಂಗ್ಲಿಷ್ ನುಡಿಗಟ್ಟುಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ನಲವತ್ತು ನುಡಿಗಟ್ಟು, ಒಂದೊಂದಕ್ಕೂ ಒಂದೇ ಸಾಲಿನ ಅರ್ಥ. ಇದು ಡಿಕ್ಷನರಿ ಮಾಡುವ ಕೆಲಸ, ಅಲ್ವಾ? ವಿಷಯ ಮಾತ್ರ ಸೊಗಸಾಗಿದೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲು ಒಂದು ತಪ್ಪು. 'ಇಂಡಿಯನ್ ಸಮ್ಮರ್' ಎಂದರೆ ನಮ್ಮ ಏಪ್ರಿಲ್ ಬಿಸಿಲು ಎಂದಿದ್ದೀರಿ. ಅಲ್ಲ. ಉತ್ತರ ಅಮೆರಿಕದಲ್ಲಿ ಚಳಿ ಶುರುವಾದ ಮೇಲೂ ನಡುವೆ ಕೆಲವು ದಿನ ಹಿತವಾದ ಬಿಸಿಲು ಬೀಳುತ್ತದೆ. ಆ ಹೆಸರು ಅದಕ್ಕೆ. ಇಲ್ಲಿ ಇಂಡಿಯನ್ ಎಂದರೆ ಅಲ್ಲಿನ ಮೂಲನಿವಾಸಿಗಳು, ನಾವಲ್ಲ.

ಇನ್ನು ಡಚ್ಚರು, ಅಂದರೆ ನೆದರ್ಲೆಂಡ್ಸ್‌ನವರು. ಕುಡಿದಾಗ ಬರುವ ಧೈರ್ಯ 'ಡಚ್ ಕರೇಜ್', ತಲೆಬುಡ ತಿಳಿಯದ ಮಾತು 'ಡಬಲ್ ಡಚ್'. ಡಚ್ಚರು ಅಂಥವರು, ಅದಕ್ಕೇ ಈ ಮಾತು ಬಂತು ಎಂದು ಬರೆದುಬಿಟ್ಟಿದ್ದೀರಿ. ಬೈದವರ ಮಾತನ್ನೇ ಸಾಕ್ಷಿ ಮಾಡಿಕೊಂಡರೆ ಹೇಗೆ? 1652ರಿಂದ 1674ರ ನಡುವೆ ಇಂಗ್ಲೆಂಡಿಗೂ ಡಚ್ಚರಿಗೂ ಮೂರು ಯುದ್ಧ ನಡೆದವು. ಕಡಲ ವ್ಯಾಪಾರ ಯಾರ ಕೈಲಿರಬೇಕು ಎಂಬ ಜಗಳ. 1667ರ ಜೂನ್‌ನಲ್ಲಿ ಡಚ್ಚರು ಇಂಗ್ಲೆಂಡಿನ ಮೆಡ್ವೇ ನದಿಯೊಳಗೇ ನುಗ್ಗಿದರು. ಅಡ್ಡ ಕಟ್ಟಿದ್ದ ಸರಪಳಿ ಮುರಿದು, ನಿಂತಿದ್ದ ಹಡಗುಗಳಿಗೆ ಬೆಂಕಿ ಇಟ್ಟರು. ರಾಜನ ಹೆಸರಿನ 'ರಾಯಲ್ ಚಾರ್ಲ್ಸ್' ಹಡಗನ್ನು ಎಳೆದುಕೊಂಡೇ ಹೋದರು. ಅದರ ಹಿಂಭಾಗದಲ್ಲಿದ್ದ ರಾಜಲಾಂಛನದ ಕೆತ್ತನೆ ಇವತ್ತಿಗೂ ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಂನಲ್ಲಿದೆ. ಇಷ್ಟು ಮುಖಭಂಗವಾದವರು ಸುಮ್ನೆ ಇರುತ್ತಾರಾ? ಬಾಯಿಗೆ ಬಂದದ್ದು ಅಂದರು. ಎಲ್ಲ ಡಚ್ ಮಾತುಗಳೂ ಆಗಲೇ ಹುಟ್ಟಿದವು ಎಂದಲ್ಲ, ಕೆಲವು ಬಹಳ ಈಚಿನವು. ಆದರೆ ಚಾಳಿ ಶುರುವಾದದ್ದು ಆ ಹಗೆತನದಲ್ಲಿ. ಇದನ್ನು ಬರೆಯಿರಿ.

ಯಾರಿಗೂ ಹೇಳದೆ ಜಾಗ ಖಾಲಿ ಮಾಡುವುದನ್ನು ಇಂಗ್ಲಿಷರು 'ಫ್ರೆಂಚ್ ಲೀವ್' ಎನ್ನುತ್ತಾರೆ. ಫ್ರೆಂಚರು ಅದನ್ನೇ ಇಂಗ್ಲಿಷರ ಥರ ಜಾರಿಕೊಳ್ಳುವುದು ಎನ್ನುತ್ತಾರೆ! ನಿಮ್ಮ ಪಟ್ಟಿಯಲ್ಲಿ ಮೊದಲರ್ಧ ಮಾತ್ರ ಇದೆ, ಅದೂ ಎಲ್ಲೋ ಮೂಲೆಯಲ್ಲಿ. ನಾನಾಗಿದ್ದರೆ ಇಲ್ಲಿಂದಲೇ ಶುರುಮಾಡುತ್ತಿದ್ದೆ.

ಕೊನೆಯಲ್ಲಿ ಕನ್ನಡದಲ್ಲಿ ಇಂಥ ಮಾತುಗಳೇ ಇಲ್ಲ ಎಂದಿದ್ದೀರಿ. ಪರಂಗಿಹಣ್ಣು ತಿಂದಿಲ್ವಾ? ಫರಂಗಿಯವರು, ಅಂದರೆ ಯೂರೋಪಿನವರು, ಅಮೆರಿಕದಿಂದ ತಂದ ಹಣ್ಣು ಅದು. ಸೀಮೆಎಣ್ಣೆ, ಸೀಮೆಬದನೆ ಎಲ್ಲ ಆ ಜಾತಿಯವೇ, ಇಲ್ಲಿ ಸೀಮೆ ಎಂದರೆ ಪರದೇಶ. ಆ ಸಾಲು ಮೊದಲು ಹೊಡೆದುಹಾಕಿ.

ನಾಲ್ಕೇ ನುಡಿಗಟ್ಟು ಇಟ್ಟುಕೊಂಡು, ಎಂಟುನೂರು ಪದ ಮೀರದ ಹಾಗೆ ಮತ್ತೆ ಬರೆದು ಕಳಿಸಿ. ಅವಸರ ಬೇಡ. ಮುಂದಿನ ಎರಡು ಸಂಚಿಕೆ ಹೇಗೂ ತುಂಬಿವೆ.

– ಸಂಪಾದಕ