ಹಳೇ ಛತ್ರಕ್ಕೆ ಹೊಸ ಕೆಲಸ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮೂರ ಹಳೇ ರಸ್ತೆ ಪಕ್ಕ ನೂರು ವರ್ಷ ದಾಟಿದ ಧರ್ಮಛತ್ರ ಇದೆ. ಕಲ್ಲು ಕಂಬದ ಜಗಲಿ, ಒಳಗೆ ತೊಟ್ಟಿ, ಸುತ್ತ ಸಣ್ಣ ಸಣ್ಣ ಕೋಣೆ. ಬೀಗ ಹಾಕಿ ಎಷ್ಟೋ ವರ್ಷ ಆಯಿತು. ಮಾಳಿಗೆ ಸೋರುತ್ತದೆ, ಗೋಡೆಯಲ್ಲಿ ಅರಳಿ ಗಿಡ ಬೆಳೆದಿದೆ. ಕೆಡವಿ ಸಮುದಾಯ ಭವನ ಕಟ್ಟೋಣ ಅಂತಾರೆ ಹಿರಿಯರು. ನಾವು ಕೆಲವರು ಉಳಿಸಬೇಕು ಅಂತಿದ್ದೇವೆ. ಎಲ್ಲಿಂದ ಶುರು ಮಾಡೋಣ?
(ತುಮಕೂರು ಜಿಲ್ಲೆಯ ಓದುಗರು)

ಉತ್ತರ: ಕೆಡವಲು ಬಿಡಬೇಡಿ. ಆದರೆ ದುಡ್ಡು ಎತ್ತುವ ಮುಂಚೆ, ಎಂಜಿನಿಯರ್‌ನ ಕರೆಸುವ ಮುಂಚೆ, ಊರವರು ಕೂತು ಒಂದು ವಿಷಯ ತೀರ್ಮಾನ ಮಾಡಿ: ರಿಪೇರಿ ಆದಮೇಲೆ ದಿನಾ ಬೆಳಿಗ್ಗೆ ಆ ಬಾಗಿಲು ತೆಗೆಯೋರು ಯಾರು, ಯಾತಕ್ಕೆ ತೆಗೀತಾರೆ? ಇದಕ್ಕೆ ಉತ್ತರ ಇಲ್ಲದೆ ಬಣ್ಣ ಬಳಿದು, ಟೇಪು ಕತ್ತರಿಸಿ, ಫೋಟೋ ತೆಗೆಸಿ ಮತ್ತೆ ಬೀಗ ಹಾಕಿದರೆ ನಾಲ್ಕೇ ಮಳೆಗಾಲದಲ್ಲಿ ಅದೇ ಅರಳಿ, ಅದೇ ಸೋರಿಕೆ. ಜನ ಓಡಾಡುವ ಕಟ್ಟಡದಲ್ಲಿ ಹೆಂಚು ಜಾರಿದ್ದು ಅವತ್ತೇ ಕಣ್ಣಿಗೆ ಬೀಳುತ್ತದೆ.

ಆಮೇಲೆ ಪಹಣಿ ನೋಡಿ. ಛತ್ರ ಮುಜರಾಯಿ ಇಲಾಖೆಯದಾ, ಪಂಚಾಯ್ತಿಯದಾ, ದಾನ ಕೊಟ್ಟ ಮನೆತನದ ಟ್ರಸ್ಟಿನದಾ ಅಂತ ಗೊತ್ತಾಗದೆ ಒಂದು ಇಟ್ಟಿಗೆಯನ್ನೂ ಮುಟ್ಟಬೇಡಿ. ಪಕ್ಕದಲ್ಲಿ ಕೇಂದ್ರ ಪುರಾತತ್ವ ಇಲಾಖೆ ರಕ್ಷಿಸಿರುವ ದೇವಸ್ಥಾನ ಇದ್ದರೆ ಇನ್ನೂ ಹುಷಾರು. ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿ ಪ್ರಕಾರ ಅದರಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟೋ ಹಾಗಿಲ್ಲ, ಇರುವ ಕಟ್ಟಡದ ರಿಪೇರಿಗೂ ಅನುಮತಿ ಬೇಕು. ಅಂದರೆ ಛತ್ರ ಕೆಡವಿದರೆ ಆ ಜಾಗದಲ್ಲಿ ನಿಮ್ಮ ಸಮುದಾಯ ಭವನವೂ ಏಳಲ್ಲ! ಹಿರಿಯರಿಗೆ ಇದನ್ನು ಮೊದಲು ಹೇಳಿ.

ಪ್ರಶ್ನೆ: ಸಿಮೆಂಟ್ ಹಾಕಿ ಗಟ್ಟಿ ಮಾಡಿಬಿಟ್ಟರೆ ಆಯ್ತಲ್ವಾ? ಸುಣ್ಣದ ಗಾರೆ ಅಂದರೆ ಖರ್ಚು ಜಾಸ್ತಿ, ಕೆಲಸಗಾರರೂ ಸಿಗಲ್ಲ.
(ಮಂಡ್ಯದ ಓದುಗರು)

ಉತ್ತರ: ಇದೊಂದು ವಿಷಯದಲ್ಲಿ ದಯವಿಟ್ಟು ಹಟ ಹಿಡಿಯಿರಿ: ಸಿಮೆಂಟ್ ಬೇಡ, ಸುಣ್ಣದ ಗಾರೆಯೇ ಆಗಬೇಕು. ಹಳೇ ಗೋಡೆಗಳಿಗೆ ಈಗಿನ ಮನೆಗಳ ಹಾಗೆ ತಳಪಾಯದ ಮೇಲೆ ತೇವ ತಡೆಯುವ ಪದರ ಇರುವುದಿಲ್ಲ. ನೆಲದ ತೇವ ಗೋಡೆಗೆ ಏರುತ್ತದೆ, ಸುಣ್ಣದ ಗಾರೆಯಲ್ಲಿ ಆವಿಯಾಗಿ ಹೊರಗೆ ಹೋಗುತ್ತದೆ. ಮೇಲೆ ಸಿಮೆಂಟ್ ಮೆತ್ತಿದರೆ ಆ ದಾರಿ ಬಂದ್. ತೇವ ಒಳಗೇ ನಿಂತು, ಉಪ್ಪು ಕಟ್ಟಿ, ಸಿಮೆಂಟಿನ ಹಿಂದೆ ಇಟ್ಟಿಗೆ ಪುಡಿ ಪುಡಿ ಆಗುತ್ತದೆ. ಹೊರಗಿಂದ ನೋಡಿದರೆ ಗೋಡೆ ನುಣ್ಣಗೆ ಇರುತ್ತದೆ, ಒಂದು ದಿನ ಹಾಳೆ ಹಾಳೆಯಾಗಿ ಕಳಚಿಕೊಂಡಾಗಲೇ ಒಳಗಿನ ಗತಿ ಗೊತ್ತಾಗುವುದು.

ಸುಣ್ಣ ಅರಳಿಸಿ, ನೀರಲ್ಲಿ ಕೊಳೆಹಾಕಿ, ಮರಳು, ಇಟ್ಟಿಗೆ ಪುಡಿ ಸೇರಿಸಿ ಅರೆದ ಗಾರೆ ಗಟ್ಟಿಯಾಗಲು ಟೈಮ್ ಬೇಕು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕುವ ಪದ್ಧತಿಯೂ ಇದೆ. ಬಿಸಿಲಿಗೆ ಬೇಗ ಒಣಗಿದರೆ ಬಿರುಕು ಬಿಡುತ್ತದೆ, ಅದಕ್ಕೇ ಒದ್ದೆ ಗೋಣಿ ಹೊದಿಸಿ ಕಾಯಬೇಕು. ಮಾಳಿಗೆ ಮದ್ರಾಸ್ ಟೆರೇಸ್ ಆಗಿದ್ದರೆ, ಅಂದರೆ ಮರದ ತೊಲೆ ಮೇಲೆ ಇಟ್ಟಿಗೆ ಓರೆಯಾಗಿ ನಿಲ್ಲಿಸಿ ಗಾರೆ ಹಾಕಿದ್ದಾದರೆ, ಮೊದಲು ತೊಲೆಯ ತುದಿ ನೋಡಿ. ಗೋಡೆಯೊಳಗೆ ಹೂತ ಆ ಗೇಣುದ್ದದ ಭಾಗವೇ ಮೊದಲು ಲಡ್ಡಾಗುವುದು. ಅದರ ಮೇಲೆ ಕಾಂಕ್ರೀಟ್ ಸುರಿದರೆ ಭಾರ ತಡೆಯದೆ ಇಡೀ ಮಾಳಿಗೆ ಕೂತುಬಿಡಬಹುದು.

ಅರಳಿ ಗಿಡ ಹಿಡಿದು ಎಳೆಯಬೇಡಿ, ಬೇರಿನ ಜೊತೆ ಗೋಡೆಯೇ ಬರುತ್ತದೆ. ಬುಡ ಕತ್ತರಿಸಿ, ಬೇರು ಪೂರ್ತಿ ಸಾಯುವ ಹಾಗೆ ಮಾಡಿ, ಆಮೇಲೆ ಬಿಡಿಸಿ. ಕಲ್ಲು ತೆಗೆಯಲೇಬೇಕಾದರೆ ಒಂದೊಂದಕ್ಕೂ ನಂಬರ್ ಬರೆದು ತೆಗೆಯಿರಿ. ಇಂಥ ಕೆಲಸ ಬಲ್ಲವರು ಬೇಕಿದ್ದರೆ ರಾಜ್ಯದ ಪುರಾತತ್ವ ಇಲಾಖೆಯನ್ನು ಅಥವಾ 1984ರಿಂದ ಪರಂಪರೆ ಉಳಿಸುವ ಕೆಲಸ ಮಾಡುತ್ತಿರುವ ಇಂಟ್ಯಾಕ್ ಸಂಸ್ಥೆಯನ್ನು ಕೇಳಿ.

ಪ್ರಶ್ನೆ: ಈಗ ಯಾರು ಛತ್ರದಲ್ಲಿ ತಂಗುತ್ತಾರೆ? ಮ್ಯೂಸಿಯಂ ಮಾಡಿದರೆ ಹೇಗೆ?
(ಮೈಸೂರಿನ ಓದುಗರು)

ಉತ್ತರ: ಸಣ್ಣ ಊರಿನ ಮ್ಯೂಸಿಯಂಗೆ ಜನ ಒಂದು ಸಲ ಬರುತ್ತಾರೆ, ಮತ್ತೆ ಬರಲ್ಲ. ನಿಮ್ಮ ಊರಲ್ಲೇ ನಂಜರಾಜ ಬಹದ್ದೂರ್ ಛತ್ರ ಇದೆಯಲ್ಲ, ಅದನ್ನೇ ನೋಡಿ. ಹಲಸಿನ ಮೇಳ, ದೇಸಿ ಬೀಜ ಮೇಳ, ಗೆಡ್ಡೆ ಗೆಣಸು ಮೇಳ ಎಲ್ಲ ಅಲ್ಲಿ ನಡೆದಿವೆ. 2020ರ ಲಾಕ್‌ಡೌನ್‌ನಲ್ಲಿ ನಿರಾಶ್ರಿತರು ಅಲ್ಲೇ ಉಳಿದುಕೊಂಡಿದ್ದರು. ಬೆಂಗಳೂರು ರೈಲ್ವೆ ನಿಲ್ದಾಣದ ಹತ್ತಿರ ಗುಬ್ಬಿ ತೋಟದಪ್ಪನವರು ಪ್ರಯಾಣಿಕರಿಗೆ ಛತ್ರ ಕಟ್ಟಿಸಿ, ಜೊತೆಗೆ ಓದುವ ಮಕ್ಕಳಿಗೆ ಉಚಿತ ಹಾಸ್ಟೆಲ್ಲನ್ನೂ ನಡೆಸಿದರು. ಬಂದವರಿಗೆ ಜಾಗ ಕೊಡುವುದಕ್ಕೇ ಕಟ್ಟಿದ್ದು ಇವು, ಅದೇ ಕೆಲಸ ಬೇರೆ ರೂಪದಲ್ಲಿ ಮುಂದುವರಿಯಲಿ ಅನ್ನುವುದು ನನ್ನ ಆಸೆ.

ಹಳ್ಳಿಯ ಛತ್ರವಾದರೆ ಪಂಚಾಯ್ತಿಯ ಅರಿವು ಕೇಂದ್ರವನ್ನು, ಅಂದರೆ ಗ್ರಂಥಾಲಯವನ್ನು, ಅಲ್ಲಿಗೆ ತನ್ನಿ. ಸಣ್ಣ ಕೋಣೆಗಳು ಓದಿಕೊಳ್ಳುವ ಮಕ್ಕಳಿಗೆ ಹೇಳಿ ಮಾಡಿಸಿದ ಹಾಗಿರುತ್ತವೆ, ಗೋಡೆ ಒಡೆದು ದೊಡ್ಡ ಹಾಲ್ ಮಾಡುವ ಅಗತ್ಯವೇ ಇಲ್ಲ. ಒಂದು ಕೋಣೆಯಲ್ಲಿ ಕೂಸಿನ ಮನೆ, ಅಂದರೆ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ, ನಡೆಯಬಹುದು. ಸಂತೆ ದಿನ ಜಗಲಿಯನ್ನು ಸ್ವಸಹಾಯ ಸಂಘದ ಹೆಂಗಸರಿಗೆ ಬಿಟ್ಟುಕೊಡಿ, ಬಾಡಿಗೆ ಸ್ವಲ್ಪವೇ ಇರಲಿ, ಅದು ಸುಣ್ಣ ಬಳಿಯುವ ಖರ್ಚಿಗೆ ಆಗುತ್ತದೆ. ಶೌಚಾಲಯ ಮಾತ್ರ ಹೊರಗೆ, ಬೇರೆಯಾಗಿ ಕಟ್ಟಿಸಿ. ವೈರಿಂಗ್‌ಗೆ ಗೋಡೆ ಕೊರೆಯಬೇಡಿ, ಪೈಪು ಮೇಲೇ ಕಾಣಿಸಿದರೂ ಪರವಾಗಿಲ್ಲ.